ಹೊಸ ಕ್ಲಚ್ ಹಾಕಿಸಿದರೂ ಗೇರ್ ಬೀಳದಿದ್ದರೆ ಪ್ಲೇಟ್ ನಕಲಿಯೇ?

ಕ್ಲಚ್ ಬದಲಿಸಿದ ಮೇಲೂ ತೊಂದರೆ ಕಂಡರೆ ‘ನಕಲಿ ಪ್ಲೇಟ್ ಹಾಕಿದ್ದಾರೆ’ ಎನ್ನುವವರೇ ಹೆಚ್ಚು. ಆದರೆ ಕಾರಣ ಪ್ಲೇಟ್‌ನಲ್ಲೇ ಇರಬೇಕೆಂದಿಲ್ಲ. ನಾವು ಮೊದಲು ಲಕ್ಷಣ ಗಮನಿಸೋಣ.

ಗೇರ್ ಬೀಳುವುದು ಕಷ್ಟ, ರಿವರ್ಸ್‌ಗೆ ಹಾಕಿದರೆ ಕರಕರ ಸದ್ದು ಎಂದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಹೈಡ್ರಾಲಿಕ್ ಕ್ಲಚ್ ಆದರೆ ಪೈಪಿನಲ್ಲಿ ಗಾಳಿ ಉಳಿದಿರಬಹುದು. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ಒತ್ತಿದ ಬಲ ಪೂರ್ತಿ ತಲುಪುವುದಿಲ್ಲ. ಪೆಡಲನ್ನು ನಾಲ್ಕೈದು ಬಾರಿ ಒತ್ತಿ ಬಿಟ್ಟ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಗಾಳಿ ಅಥವಾ ಸೋರಿಕೆಯ ಮೇಲೇ ಅನುಮಾನ. ಕೇಬಲ್ ಇರುವ ಕಾರಿನಲ್ಲಿ ಅದರ ಬಿಗಿತ ಪರೀಕ್ಷಿಸಿ.

ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಪ್ಲೇಟ್‌ಗೆ ಎಣ್ಣೆ ತಗುಲಿರಬಹುದು.

ಗೇರ್‌ಬಾಕ್ಸ್ ಮತ್ತೆ ಬಿಚ್ಚಿಸುವ ಮೊದಲು ಲಕ್ಷಣವನ್ನು ಮೆಕ್ಯಾನಿಕ್‌ಗೆ ಸ್ಪಷ್ಟವಾಗಿ ಹೇಳಿ. ಗಾಳಿ ತೆಗೆಸುವುದು ಅದಕ್ಕಿಂತ ಬಹಳ ಅಗ್ಗ.