ಬೆಳಿಗ್ಗೆ ಮಾತ್ರ ಹಠ ಮಾಡುವ ಕೀ

ಜನವರಿಯ ಚಳಿ, ಬೆಳಿಗ್ಗೆ ಆರು ಗಂಟೆ. ಅಜ್ಜಿಯ ಕಣ್ಣಿನ ಪೊರೆ ಆಪರೇಷನ್‌ಗೆ ತಿಪಟೂರಿನಿಂದ ತುಮಕೂರಿಗೆ ಹೊರಡಬೇಕಿತ್ತು. ಅಜ್ಜಿ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಅಪ್ಪ ಕೀ ಹಾಕಿದರು. ಒಳಗೆ ಹೋಯಿತು, ತಿರುಗಲಿಲ್ಲ. ಚಿಕ್ಕಪ್ಪ 'ಬಿಡಣ್ಣ, ನಾನು ನೋಡ್ತೀನಿ' ಎಂದು ಇಕ್ಕಳ ತಂದು ತಿರುಚಿದರು. ಅಲ್ಲಿಗೆ ಕೀ ಹೊರಗೆ ಬರುವುದೂ ನಿಂತಿತು. ಅಮ್ಮ ಕೂಗಿಕೊಳ್ಳದಿದ್ದರೆ ಅದು ಮುರಿದೇ ಹೋಗುತ್ತಿತ್ತು. ಆಟೊ ಹಿಡಿದು ಬಸ್‌ಸ್ಟ್ಯಾಂಡ್, ಅಲ್ಲಿಂದ ಬಸ್ಸು. ಆಸ್ಪತ್ರೆ ತಲುಪುವಷ್ಟರಲ್ಲಿ ಆ ದಿನದ ಸರದಿ ಮುಗಿದಿತ್ತು. ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಮೆಕ್ಯಾನಿಕಲ್ ಬಿಇ ಮೂರನೇ ವರ್ಷ ಓದುತ್ತಿರುವ ನಾನು ಇಷ್ಟೂ ಹೊತ್ತು ಏನು ಮಾಡುತ್ತಿದ್ದೆ? ಮೊಬೈಲ್‌ನ ಟಾರ್ಚ್ ಹಿಡಿದುಕೊಂಡು ನಿಂತಿದ್ದೆ.

ಕಾರು ತಾತ 1989ರಲ್ಲಿ ಕೊಂಡ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ ಎಂಜಿನ್. ಸರ್ಕಾರದ ನಿಯಮದಲ್ಲಿ ವಿಂಟೇಜ್ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ದಾಟಿರಬೇಕು. ಆ ಲೆಕ್ಕದಲ್ಲಿ ನಮ್ಮದಿನ್ನೂ ಪ್ರಾಯದ್ದೇ. ಎಂಜಿನ್ ಇವತ್ತಿಗೂ ಚೆನ್ನಾಗಿದೆ. ಆದರೂ ಅಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ 'ಗುಜರಿಗೆ ಕೊಟ್ಟುಬಿಡೋಣ' ಅಂದರು. ಅಜ್ಜಿ ಏನೂ ಮಾತಾಡಲಿಲ್ಲ, ಅರ್ಧ ಮುದ್ದೆ ಬಿಟ್ಟು ಎದ್ದರು.

ಮರುದಿನ ಮಧ್ಯಾಹ್ನ ಮೆಕ್ಯಾನಿಕ್ ಬಂದರು. ಕೀ ಬೆಣ್ಣೆಯಂತೆ ತಿರುಗಿತು! 'ಏನೂ ಆಗಿಲ್ಲ ಸಾರ್, ಹಳೇ ಗಾಡಿ, ಹಂಗೇ' ಎಂದು ಹೋದರು. ಅದರ ಮರುದಿನ ಬೆಳಿಗ್ಗೆ ಮತ್ತೆ ಅದೇ ಕತೆ. ಫೋನ್ ಮಾಡಿದರೆ 'ಲಾಕ್ ಸೆಟ್ ಪೂರ್ತಿ ಬದಲಾಯಿಸಬೇಕು' ಎಂಬ ಉತ್ತರ. ಒಂದೇ ತೊಂದರೆಗೆ ಎರಡು ದಿನದಲ್ಲಿ ಎರಡು ತೀರ್ಪು, ಎರಡೂ ನೋಡದೆಯೇ ಕೊಟ್ಟವು. ಅವರನ್ನು ದೂರುವ ಹಕ್ಕು ನನಗಿಲ್ಲ. ನಾನೂ ಕಾಲೇಜಿನಲ್ಲಿ ಮಾಡುವುದು ಅದನ್ನೇ.

ನಮ್ಮ ಲ್ಯಾಬ್‌ಗಳಲ್ಲಿ ಪ್ರಯೋಗ ಶುರುವಾಗುವ ಮೊದಲೇ ಉತ್ತರ ಗೊತ್ತಿರುತ್ತದೆ. ಸೀನಿಯರ್‌ಗಳ ರೆಕಾರ್ಡ್ ಕೈಯಲ್ಲಿರುತ್ತದೆ, ಅವರು ಬರೆದದ್ದು ಅವರ ಸೀನಿಯರ್‌ಗಳದ್ದನ್ನು ನೋಡಿ. ರೀಡಿಂಗ್ ಹೊಂದದಿದ್ದರೆ ರೀಡಿಂಗನ್ನೇ ತಿದ್ದುತ್ತೇವೆ, ಯಂತ್ರಕ್ಕೆ ಏನಾಗಿದೆ ಎಂದು ಯಾರೂ ಕೇಳುವುದಿಲ್ಲ. ಕೆಟ್ಟ ಯಂತ್ರದ ಮೇಲೆ 'ನಾಟ್ ವರ್ಕಿಂಗ್' ಚೀಟಿ ಅಂಟಿಸಿ ಮೂಲೆಗೆ ತಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಲ್ಯಾಬಿನಲ್ಲಿ ಕಲಿಯುವುದಕ್ಕೆ ಅತ್ಯಂತ ಯೋಗ್ಯವಾದದ್ದು ಆ ಮೂಲೆಯ ಯಂತ್ರವೇ.

ಆ ವಾರ ರಜೆ ಇತ್ತು. ಒಂದು ನೋಟ್‌ಬುಕ್ ಹಿಡಿದು ಕೂತೆ. ಕೀ ಸಿಕ್ಕಿಕೊಂಡಿದೆ ಎನ್ನುವುದು ಒಂದೇ ದೋಷವಲ್ಲ. ತಿರುಗದಿರುವುದು ಬೇರೆ, ಹೊರಗೆ ಬಾರದಿರುವುದು ಬೇರೆ. ಹೊರಗೆ ಬಾರದಿದ್ದರೆ ಮೊದಲು ಕೀ ಪೂರ್ತಿ 'ಲಾಕ್' ಜಾಗಕ್ಕೆ ಬಂದಿದೆಯೇ ನೋಡಬೇಕು. ಎಷ್ಟೋ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್ 'ಪಿ'ಯಲ್ಲಿ ಇರದಿದ್ದರೆ ಕೀ ಬಿಡುವುದೇ ಇಲ್ಲ. ತಿರುಗದಿದ್ದರೆ ಮೊದಲ ಅನುಮಾನ ಸ್ಟೀರಿಂಗ್ ಲಾಕ್ ಮೇಲೆ. ಕೀ ತೆಗೆದ ಮೇಲೆ ಸ್ಟೀರಿಂಗ್ ಕೊಂಚ ಅಲುಗಿದರೆ ಉಕ್ಕಿನ ಅಗುಳಿಯೊಂದು ಅದರ ದಂಡದ ತೂತಿಗೆ ಇಳಿಯುತ್ತದೆ. ಚಕ್ರ ಕಲ್ಲಿಗೆ ಒತ್ತಿಕೊಂಡು ನಿಂತಿದ್ದರೆ ಆ ಭಾರವೆಲ್ಲ ಅಗುಳಿಯ ಮೇಲೆ ಬಿದ್ದು ಅದು ಬಿಗಿಯಾಗುತ್ತದೆ. ಆಗ ಒಂದು ಕೈಯಲ್ಲಿ ಸ್ಟೀರಿಂಗನ್ನು ಅತ್ತಿತ್ತ ಮೆಲ್ಲಗೆ ಆಡಿಸುತ್ತಾ ಇನ್ನೊಂದು ಕೈಯಲ್ಲಿ ಕೀ ತಿರುಗಿಸಿದರೆ ಸಾಕು. ನಮ್ಮ ಕಾರಿಗೆ ಇದು ಕೆಲಸ ಮಾಡಲಿಲ್ಲ. ಒಂದು ಅನುಮಾನ ಹೊಡೆದುಹಾಕಿದೆ.

ಉಳಿದದ್ದು ಬೀಗ ಮತ್ತು ಕೀ. ಬೀಗದೊಳಗೆ ತೆಳ್ಳನೆಯ ಲೋಹದ ಪಟ್ಟಿಗಳಿರುತ್ತವೆ, ಅವುಗಳ ಹಿಂದೆ ಪುಟ್ಟ ಸ್ಪ್ರಿಂಗ್‌ಗಳು. ಕೀಯ ಹಲ್ಲುಗಳು ಅವನ್ನೆಲ್ಲ ಒಂದೇ ಮಟ್ಟಕ್ಕೆ ತಂದು ನಿಲ್ಲಿಸಿದರೆ ಮಾತ್ರ ಒಳಗಿನ ಸಿಲಿಂಡರ್ ತಿರುಗುತ್ತದೆ. ಒಂದು ಪಟ್ಟಿ ಕೂದಲೆಳೆಯಷ್ಟು ಹೊರಚಾಚಿದ್ದರೂ ಇಲ್ಲ. ಆಗ ಬಲ ಹಾಕಿ ತಿರುಚಿದರೆ ಪಟ್ಟಿಗಳು ಗೋಡೆಗೆ ಒತ್ತಿಕೊಂಡು ಕೀಯನ್ನೂ ಕಚ್ಚಿಹಿಡಿಯುತ್ತವೆ. ಚಿಕ್ಕಪ್ಪನ ಇಕ್ಕಳದಿಂದ ಆದದ್ದು ಅದು.

ದಿನಕ್ಕೆ ನಾಲ್ಕು ಸಲ ಕೀ ಹಾಕಿ ನೋಡಿ ಬರೆದಿಟ್ಟೆ. ಆರು ದಿನದಲ್ಲಿ ನಾಲ್ಕು ಬೆಳಿಗ್ಗೆ ತಿರುಗಲಿಲ್ಲ. ಮಧ್ಯಾಹ್ನ ಒಮ್ಮೆಯೂ ತೊಂದರೆ ಇಲ್ಲ. ಚಳಿಗೂ ಬೀಗಕ್ಕೂ ಏನು ಸಂಬಂಧ? ಉತ್ತರ ಸಿಕ್ಕಿದ್ದು ಬಚ್ಚಲುಮನೆಯ ಮುಂದೆ. ಅಮ್ಮ ಗಟ್ಟಿಯಾದ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಿಸಿಲಿಗೆ ಇಡುತ್ತಿದ್ದರು.

'ಅಪ್ಪ, ಕಾರಿನ ಬೀಗಕ್ಕೆ ಏನಾದರೂ ಹಾಕಿದ್ರಾ?'

'ಪ್ರತಿ ಆಯುಧಪೂಜೆಗೂ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡ್ತೀನಲ್ಲ. ನಿಮ್ಮ ತಾತನೂ ಬಿಡ್ತಿದ್ರು.'

ತಿಪಟೂರಿನವರಿಗೆ ಕೊಬ್ಬರಿ ಎಣ್ಣೆ ತಲೆಗೂ ಆಯಿತು, ಬಾಗಿಲ ಕೀಲಿಗೂ ಆಯಿತು. ಆದರೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮೂವತ್ತೈದು ವರ್ಷದ ಎಣ್ಣೆ, ಅದಕ್ಕಂಟಿದ ಧೂಳು ಸೇರಿ ಒಳಗೆ ಜಿಡ್ಡಿನ ಹಿಟ್ಟಾಗಿತ್ತು. ಚಳಿಗೆ ಅದು ಬಿಗಿದಾಗ ಪಟ್ಟಿಗಳನ್ನು ಜಾಗಕ್ಕೆ ತರುವ ಶಕ್ತಿ ಆ ಪುಟ್ಟ ಸ್ಪ್ರಿಂಗ್‌ಗಳಿಗೆ ಇರಲಿಲ್ಲ. ಬಿಸಿಲೇರಿದಾಗ ಕರಗಿ ದಾರಿ ಬಿಡುತ್ತಿತ್ತು. ಮಧ್ಯಾಹ್ನ ಬಂದ ಮೆಕ್ಯಾನಿಕ್‌ಗೆ ದೋಷ ಕಾಣದೇ ಇದ್ದದ್ದು ಅವರ ತಪ್ಪಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಬೀಗದ ಹಿಂದೆಯೇ ವಿದ್ಯುತ್ ಸ್ವಿಚ್ ಇದೆ, ಕ್ಲೀನರ್ ಸ್ಪ್ರೇ ಹೊತ್ತಿಕೊಳ್ಳುವಂಥದ್ದು. ಸ್ಪ್ರೇ ಹೊಡೆದು, ಕೀ ಹಾಕಿ ತೆಗೆದು ಒರೆಸಿ, ಮತ್ತೆ ಹೊಡೆದು ಒರೆಸಿ ಮಾಡಿದೆ. ಮೊದಮೊದಲು ಬಟ್ಟೆಗೆ ಬಂದ ಕಪ್ಪು ನೋಡಿ ಅಪ್ಪ ಮಾತಾಡಲಿಲ್ಲ. ಚೆನ್ನಾಗಿ ಒಣಗಿದ ಮೇಲೆ ಚಿಟಿಕೆಗಿಂತ ಕಡಿಮೆ ಗ್ರಾಫೈಟ್ ಪುಡಿ ಹಾಕಿದೆ. ಪೆನ್ಸಿಲ್ ಸೀಸ ಪುಡಿ ಮಾಡಿ ಹಾಕು ಎಂದ ಗೆಳೆಯನ ಮಾತು ಕೇಳಲಿಲ್ಲ, ಅದರಲ್ಲಿ ಜೇಡಿಮಣ್ಣೂ ಇರುತ್ತದೆ.

ಆದರೂ ಮರುದಿನ ಬೆಳಿಗ್ಗೆ ಕೀ ಒಂದು ಕಡೆ ಸ್ವಲ್ಪ ತಡೆಯಿತು. ಬಸ್‌ಸ್ಟ್ಯಾಂಡ್ ಪಕ್ಕ ಡೂಪ್ಲಿಕೇಟ್ ಕೀ ಮಾಡುವವರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದವರೇ, 'ಇದು ಡೂಪ್ಲಿಕೇಟಿನ ಡೂಪ್ಲಿಕೇಟು ಕಣಪ್ಪ. ಸವೆದಿದ್ದನ್ನು ನೋಡಿ ಕೊರೆದರೆ ಸವೆದ ಕೀಯೇ ಬರುತ್ತೆ. ಮೂಲದ್ದು ಇದ್ರೆ ತಗೊಂಬಾ' ಅಂದರು. ತಾತನ ಟ್ರಂಕಿನಲ್ಲಿ, ಕಾರಿನ ಹಳೆಯ ಕಾಗದಗಳ ಜೊತೆ ಒಮ್ಮೆಯೂ ಬಳಸದ ಕೀ ಸಿಕ್ಕಿತು. ಎರಡರ ಹಲ್ಲನ್ನೂ ವರ್ನಿಯರ್‌ನಿಂದ ಅಳೆದೆ. ಒಂದು ಕಡೆ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ವ್ಯತ್ಯಾಸ! ಆ ಹೊತ್ತಿಗೆ ನನಗೆ ನೆನಪಾದದ್ದು ನನ್ನದೇ ಲ್ಯಾಬ್ ರೆಕಾರ್ಡ್. ಈ ಸೆಮಿಸ್ಟರ್‌ನಲ್ಲೂ ಎರಡು ಪ್ರಯೋಗ ಹಾಗೇ ಬರೆದದ್ದು, ಮುಚ್ಚಿಡುವುದೇನು.

'ಇದಕ್ಕೆಲ್ಲ ಟೈಮ್ ಎಲ್ಲಿದೆ, ಕೆಲಸಕ್ಕೆ ಸೇರಿದ ಮೇಲೆ ಕಂಪನಿಯವರೇ ಕಲಿಸ್ತಾರೆ' ಎನ್ನುತ್ತಾನೆ ನನ್ನ ರೂಮ್‌ಮೇಟ್. ಇರಬಹುದು. ಆದರೆ ಅವನ ರೆಸ್ಯೂಮೆಯಲ್ಲೂ ನನ್ನದರಲ್ಲೂ 'ಪ್ರಾಬ್ಲಮ್ ಸಾಲ್ವಿಂಗ್' ಎಂಬ ಸಾಲಿದೆ. ಯಾವ ಪ್ರಾಬ್ಲಮ್ ಎಂದು ಸಂದರ್ಶನದಲ್ಲಿ ಕೇಳಿದರೆ ಇಬ್ಬರ ಬಳಿಯೂ ಉತ್ತರ ಇರಲಿಲ್ಲ. ನಾನು ಕೇಳುವುದು ದೊಡ್ಡದೇನಲ್ಲ. ಸೆಮಿಸ್ಟರ್‌ಗೆ ಒಂದೇ ಒಂದು ಲ್ಯಾಬ್ ತರಗತಿಯಲ್ಲಿ ಮೂಲೆಯ ಆ ಯಂತ್ರವನ್ನು ಮುಂದೆ ತಂದಿಡಿ. ರಿಪೇರಿ ಆಗದಿದ್ದರೂ ಪರವಾಗಿಲ್ಲ. ಏನನ್ನು ಅನುಮಾನಿಸಿದೆವು, ಯಾವುದನ್ನು ಹೇಗೆ ಹೊಡೆದುಹಾಕಿದೆವು ಎಂಬುದಕ್ಕೆ ಅಂಕ ಕೊಡಿ. ಅದನ್ನು ನಕಲು ಮಾಡಲು ಸೀನಿಯರ್‌ಗಳ ರೆಕಾರ್ಡ್ ಇರುವುದಿಲ್ಲ.

ಹದಿನೈದು ದಿನದ ನಂತರ ಅದೇ ಆರು ಗಂಟೆ, ಅದೇ ಚಳಿ. ಮೂಲ ಕೀ ನೋಡಿ ಕೊರೆಸಿದ ಹೊಸ ಕೀಯನ್ನು ಅಪ್ಪ ನನ್ನ ಕೈಗೆ ಕೊಟ್ಟರು. ಗೊಂಚಲಿನಲ್ಲಿದ್ದ ಗೋದಾಮಿನ ಭಾರದ ಬೀಗದ ಕೈಗಳನ್ನು ಅವರೇ ಬಿಡಿಸಿಟ್ಟಿದ್ದರು. ಅಜ್ಜಿ ಹಿಂದಿನ ಸೀಟಿನಿಂದ 'ತಿರುಗ್ತೇನೋ?' ಎಂದರು. ಎಂಜಿನ್ ಸದ್ದು ಕೇಳಿ ಮತ್ತೆ ಕೇಳಲಿಲ್ಲ.

ಅಪ್ಪ ಮನೆಯ ಬೀಗಗಳಿಗೆ ಈಗಲೂ ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಾರೆ. ಕಾರಿನ ಹತ್ತಿರ ಹೋಗುವ ಮೊದಲು ಮಾತ್ರ ಹಾಸ್ಟೆಲ್‌ಗೆ ಫೋನ್ ಮಾಡುತ್ತಾರೆ.