ಲೆಕ್ಕದಿಂದ ತೆಗೆದ್ರೆ ರಕ್ತಹೀನತೆ ಹೋಗುತ್ತಾ?

1/6
ಮೊನ್ನೆ ಕ್ಲಾಸಲ್ಲಿ ಒಬ್ಬ ಅಂದ, "ಈ ಸರ್ವೇ ಎಲ್ಲಾ ಸುಮ್ನೆ ಮಗಾ, ಕೂತಲ್ಲೇ ತುಂಬ್ತಾರೆ." ಅಲ್ಲೇ ಉತ್ತರ ಕೊಡೋಕೆ ಆಗ್ಲಿಲ್ಲ. ಇಲ್ಲಿ ಕೊಡ್ತೀನಿ. ಉದ್ದ ಇದೆ, ಪೂರ್ತಿ ಓದಿ.

2/6
ನಮ್ಮ ಅಕ್ಕ ಏಳು ತಿಂಗಳ ಬಸುರಿ ಇದ್ದಾಗ ತಾಯಿ ಕಾರ್ಡ್‌ನಲ್ಲಿ ಹಿಮೋಗ್ಲೋಬಿನ್ 7.8 ಅಂತ ಬರೆದಿತ್ತು. ಬಸುರಿಯರಿಗೆ 11ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ತಿಂದ್ರೆ ಮಗು ಕಪ್ಪಾಗುತ್ತೆ ಅಂದ್ರು ಮನೇಲಿ. ಮಾತ್ರೆ ಗೂಡಲ್ಲೇ ಉಳೀತು. ಹೆರಿಗೆ ಆದ್ಮೇಲೆ ರಕ್ತ ನಿಲ್ಲಲೇ ಇಲ್ಲ. ರಾತ್ರೋರಾತ್ರಿ ಎರಡು ಬಾಟ್ಲು ರಕ್ತ ಕೊಡಿಸಿದ್ವಿ. ಅಕ್ಕ ಉಳಿದ್ಲು. ನಾವೆಲ್ಲ "ಅವಳ ಹಣೆಬರಹ" ಅಂದ್ಕೊಂಡು ಸುಮ್ನಾದ್ವಿ.

3/6
ಹಣೆಬರಹ ಅಲ್ಲ ಅಂತ ನನಗೆ ಗೊತ್ತಾಗಿದ್ದು ಸರ್ವೇ ಓದಿದ್ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದ್ರೆ ಐದನೇ ಸುತ್ತು, 6 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿತ್ತು. ದೇಶದ ಬಸುರಿಯರಲ್ಲಿ 52.2% ಜನಕ್ಕೆ ರಕ್ತಹೀನತೆ. ಹಿಂದಿನ ಸುತ್ತಲ್ಲಿ 50.4% ಇತ್ತು. ಕಮ್ಮಿ ಆಗೋದಿರಲಿ, ಜಾಸ್ತಿ ಆಗಿದೆ! 180 ದಿನ ಮಾತ್ರೆ ತಗೊಂಡ ತಾಯಂದಿರು ಬರೀ 26%. ಅಂದ್ರೆ ನಮ್ಮ ಮನೆ ಗೂಡಿನ ಕಥೆ ದೇಶದ್ದೇ ಕಥೆ.

4/6
ಈಗ ಕೇಳಿ. 2023ರಲ್ಲಿ ಶುರುವಾದ ಆರನೇ ಸುತ್ತಿನಲ್ಲಿ ರಕ್ತಹೀನತೆ ಪರೀಕ್ಷೆಯನ್ನೇ ಕೈಬಿಟ್ರು. ಕಾರಣ? ಬೆರಳು ಚುಚ್ಚಿ ತೆಗೆದ ಹನಿ ರಕ್ತದ ಅಳತೆ ನಿಖರ ಅಲ್ಲ, ನರದಿಂದ ತೆಗೆದ ರಕ್ತ ಬೇಕು, ಅದನ್ನ ಬೇರೆ ಸಮೀಕ್ಷೆ ಅಳೆಯುತ್ತೆ ಅಂತ. ಮೊದಲ ಮಾತು ಒಪ್ತೀನಿ. ನರದ ರಕ್ತದ ಪರೀಕ್ಷೆಯೇ ಉತ್ತಮ.

5/6
ಆದ್ರೆ ನಾವು ಬಿಕಾಂನವರು ಕಣ್ರೋ! ಸ್ಟಾಕ್ ಲೆಕ್ಕ ಫಿಫೋದಿಂದ ವೆಯ್ಟೆಡ್ ಆವರೇಜ್‌ಗೆ ಬದಲಾಯಿಸಿದ್ರೆ ಏನ್ ಮಾಡ್ಬೇಕು? ಯಾಕೆ ಬದಲಾಯಿಸಿದ್ವಿ, ಲಾಭದಲ್ಲಿ ಎಷ್ಟು ವ್ಯತ್ಯಾಸ ಬಂತು ಅಂತ ತೋರಿಸ್ಬೇಕು. ಹಳೇ ಪುಟ ಹರಿದು ಹಾಕೋಹಾಗಿಲ್ಲ. ಇಲ್ಲೂ ಅಷ್ಟೇ. ಅದೇ ಸುತ್ತಿನಲ್ಲಿ ಒಂದಷ್ಟು ಹೆಣ್ಮಕ್ಕಳಿಗೆ ಎರಡೂ ರೀತಿ ಪರೀಕ್ಷೆ ಮಾಡಿ ವ್ಯತ್ಯಾಸ ಹೇಳಬಹುದಿತ್ತು. ಆಗ ಹಳೇ ಅಂಕಿ, ಹೊಸ ಅಂಕಿ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು. ತಕ್ಕಡಿ ಸರಿ ಇಲ್ಲ ಅಂದ್ರೆ ತಕ್ಕಡಿ ರಿಪೇರಿ ಮಾಡಿ, ತೂಕ ಹಾಕೋದನ್ನೇ ನಿಲ್ಲಿಸ್ತಾರಾ?

6/6
"ಕೂತಲ್ಲೇ ತುಂಬ್ತಾರೆ" ಅನ್ನೋ ಗೆಳೆಯನಿಗೆ: ನಿಮ್ಮನೆಗೆ ಸರ್ವೇಯವರು ಬಂದಾಗ ನೀನು "ಯಾರೂ ಇಲ್ಲ" ಅಂತ ಬಾಗಿಲು ಹಾಕಿದ್ರೆ, ಸುಳ್ಳು ಲೆಕ್ಕದಲ್ಲಿ ನಿನ್ನದೂ ಪಾಲಿದೆ. ಬಾಗಿಲು ತೆಗಿ. ಅಮ್ಮನೋ ಅತ್ತಿಗೆನೋ ಒಬ್ಬರೇ ಕೂತು ಮಾತಾಡೋಕೆ ಬಿಡು, ಮಧ್ಯೆ ಬಾಯಿ ಹಾಕ್ಬೇಡ. ಇವತ್ತು ರಾತ್ರಿ ಮನೇಲಿ ಒಂದೇ ಪ್ರಶ್ನೆ ಕೇಳು: "ನಿನ್ನ ಹಿಮೋಗ್ಲೋಬಿನ್ ಎಷ್ಟು?"

ನಮ್ಮನೇಲಿ ಆ ಪ್ರಶ್ನೆ ಯಾರೂ ಕೇಳಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ.

#ರಕ್ತಹೀನತೆ #ತಾಯಿಕಾರ್ಡ್ #ಲೆಕ್ಕಕೊಡಿ