ತೆರೆಯದ ಪೆಟ್ಟಿಗೆಯೊಳಗಿನ ತಾಜ್ ಮಹಲ್

ಕಳೆದ ಬೇಸಿಗೆಯ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಆತ ಹನ್ನೆರಡು ವರ್ಷಗಳಿಂದ ದುಬೈಯಲ್ಲಿ ದುಡಿಯುತ್ತಿರುವವನು, ಇಬ್ಬರು ಮಕ್ಕಳ ತಂದೆ. ರಜೆಯಲ್ಲಿ ಊರಿಗೆ ಬಂದಿದ್ದ. ಚಹಾ ಬರುವವರೆಗೆ ತನ್ನ ಕೋಣೆಯನ್ನು ತೋರಿಸಿದ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡ್ರಾಯರುಗಳ ಕಪಾಟು. ಒಂದೊಂದರಲ್ಲೂ ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು. ಮೇಜಿನ ಮೇಲೆ ಅರ್ಧಕ್ಕೆ ನಿಂತ ಒಂದು ದೀಪಸ್ತಂಭ. ನಾವು ನೋಡಿದೆವು, ನಕ್ಕೆವು, ಆತನ ತಂದೆಯ ಎದುರಿನಲ್ಲೇ ಒಂದು ಮಾತನ್ನೂ ಆಡಿದೆವು: “ಗಡ್ಡ ನೆರೆಯತೊಡಗಿತು, ಇನ್ನೂ ಆಟಿಕೆಯ ಹುಚ್ಚು ಬಿಡಲಿಲ್ಲವೇನೋ?” ತಂದೆಯೂ ನಕ್ಕರು. ಆತ ನಗಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಅವನ ಏಳು ವರ್ಷದ ಮಗ ತಂದೆಯ ಮುಖವನ್ನೇ ನೋಡುತ್ತಿದ್ದ.

ಮಗನ ಕಣ್ಣೆದುರು ತಂದೆಯನ್ನು ಸಣ್ಣವನನ್ನಾಗಿ ಮಾಡಿದ ಆ ಮಾತು ಮನೆಗೆ ಮರಳುವ ದಾರಿಯುದ್ದಕ್ಕೂ ನಮ್ಮನ್ನು ಕಾಡಿತು. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಪರಿಹಾಸ್ಯ ಮಾಡಬಾರದೆಂದು ಪಾಠ ಹೇಳುತ್ತ ಬಂದವರು ನಾವು. ಮುಂದಿನ ವಾರ ಮತ್ತೆ ಹೋದೆವು. ಕ್ಷಮೆ ಕೇಳಿ, “ಇದೇನೆಂದು ನಮಗೂ ಸ್ವಲ್ಪ ಕಲಿಸು” ಎಂದೆವು. “ಉಸ್ತಾದ್, ನೀವು ಕ್ಷಮೆ ಕೇಳುವುದೇ?” ಎಂದು ಆತ ಸಂಕೋಚಪಟ್ಟ. ಅನಂತರ ಎರಡು ಗಂಟೆ ಹೇಳಿದ. ಅಂದು ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಕೊಲ್ಲಿಯಿಂದ ಮರಳುವವರ ಪೆಟ್ಟಿಗೆಗಳಲ್ಲಿ ಈ ಆಟಿಕೆ ಈಗ ನಮ್ಮ ಮನೆಗಳಿಗೂ ಬರುತ್ತಿರುವುದರಿಂದ ಇದು ಒಬ್ಬನ ಮನೆಯ ವಿಷಯವಾಗಿ ಉಳಿದಿಲ್ಲ.

ಈ ಇಟ್ಟಿಗೆಗಳ ತವರು ಡೆನ್ಮಾರ್ಕಿನ ಬಿಲುಂಡ್ ಎಂಬ ಸಣ್ಣ ಊರು. ಅಲ್ಲಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸೆನ್, ಆರ್ಥಿಕ ಕುಸಿತದಿಂದ ಕೆಲಸವಿಲ್ಲದಂತಾದ ದಿನಗಳಲ್ಲಿ, 1932ರಲ್ಲಿ ಮರದ ಆಟಿಕೆಗಳನ್ನು ಮಾಡಲು ತೊಡಗಿದರು. ಎರಡು ವರ್ಷಗಳ ನಂತರ ಅದಕ್ಕೆ ಇಟ್ಟ ಹೆಸರು ಲೆಗೋ. ಡೇನಿಷ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿದ ಹೆಸರು. ಆ ಕುಟುಂಬದಲ್ಲಿ ಹೇಳಿಕೊಂಡು ಬಂದಿರುವ ಒಂದು ಪ್ರಸಂಗ ನಮಗೆ ಬಹಳ ಹಿಡಿಸಿತು. ಮಗ ಗಾಡ್‌ಫ್ರೆಡ್ ಹುಡುಗನಾಗಿದ್ದಾಗ ಮರದ ಬಾತುಕೋಳಿಗಳ ಪೆಟ್ಟಿಗೆಯನ್ನು ರೈಲು ನಿಲ್ದಾಣಕ್ಕೆ ತಲುಪಿಸಿ ಬಂದು, ಮೂರು ಸಲ ಬಳಿಯಬೇಕಾದ ವಾರ್ನಿಷನ್ನು ಎರಡೇ ಸಲ ಬಳಿದು ಹಣ ಉಳಿಸಿದೆನೆಂದು ಹೆಮ್ಮೆಯಿಂದ ಹೇಳಿದನಂತೆ. ತಂದೆ ಆತನನ್ನು ನಿಲ್ದಾಣಕ್ಕೆ ಮರಳಿ ಕಳುಹಿಸಿದರು. ಪೆಟ್ಟಿಗೆಯನ್ನು ವಾಪಸು ತಂದು, ಮೂರನೆಯ ಸಲವೂ ವಾರ್ನಿಷ್ ಬಳಿದು, ಒಬ್ಬನೇ ಕುಳಿತು ಮತ್ತೆ ಕಟ್ಟಿ ಕಳುಹಿಸಬೇಕಾಯಿತು. ಕೊಳ್ಳುವವನ ಕಣ್ಣಿಗೆ ಕಾಣದ ಆ ಮೂರನೆಯ ಲೇಪವೇ ವ್ಯಾಪಾರದ ಅಮಾನತ್. ತೂಕ, ಅಳತೆಗಳ ವಿಷಯದಲ್ಲಿ ನಮ್ಮ ಮಕ್ಕಳಿಗೆ ನಾವು ಕಲಿಸುವುದೂ ಅದನ್ನೇ ಅಲ್ಲವೇ?

ಪೂರ್ತಿ ಕತೆ ಅಷ್ಟು ನುಣುಪಾಗಿಲ್ಲ ಎಂಬುದನ್ನೂ ಹೇಳಬೇಕು. 1949ರಲ್ಲಿ ಅವರು ತಯಾರಿಸಿದ ಮೊದಲ ಪ್ಲಾಸ್ಟಿಕ್ ಇಟ್ಟಿಗೆ ಇಂಗ್ಲೆಂಡಿನ ಹಿಲರಿ ಪೇಜ್ ಎಂಬವರ ಇಟ್ಟಿಗೆಯನ್ನು ನೋಡಿ ಮಾಡಿದ್ದು. ಸ್ವಂತದ್ದೆಂದು ಹೇಳಬಹುದಾದ ಶೋಧ ಬಂದದ್ದು 1958ರಲ್ಲಿ: ಇಟ್ಟಿಗೆಯ ಟೊಳ್ಳು ಹೊಟ್ಟೆಯಲ್ಲಿ ಕೊಳವೆಗಳನ್ನಿಟ್ಟರು. ಕೆಳಗಿನ ಇಟ್ಟಿಗೆಯ ಮೇಲ್ಮೈಯಲ್ಲಿರುವ ದುಂಡನೆಯ ಉಬ್ಬುಗಳು ಮೇಲಿನ ಇಟ್ಟಿಗೆಯ ಗೋಡೆ ಮತ್ತು ಕೊಳವೆಗಳ ನಡುವೆ ಬಿಗಿಯಾಗಿ ಕುಳಿತುಕೊಳ್ಳುತ್ತವೆ. ಅಂಟು ಬೇಡ, ಮೊಳೆ ಬೇಡ. ಮಗುವಿನ ಬೆರಳಿಗೆ ಬಿಚ್ಚಿ ಬರುವಷ್ಟು ಸಡಿಲ, ಕಟ್ಟಿದ್ದು ತಾನಾಗಿ ಬೀಳದಷ್ಟು ಬಿಗಿ. ಈ ನಡುವಣ ಹದಕ್ಕಾಗಿ ಅಚ್ಚುಗಳ ಅಳತೆಯನ್ನು ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗದಷ್ಟು ನಿಖರವಾಗಿ ಕಾಯುತ್ತಾರೆ. ಆದ್ದರಿಂದಲೇ 1958ರ ಇಟ್ಟಿಗೆ ಇಂದು ಕೊಂಡ ಇಟ್ಟಿಗೆಯ ಮೇಲೆ ಕೂರುತ್ತದೆ.

ನಮ್ಮ ವಿದ್ಯಾರ್ಥಿ ಎಂಟು ಉಬ್ಬುಗಳ ಆರು ಇಟ್ಟಿಗೆಗಳನ್ನು ನಮ್ಮ ಕೈಗಿತ್ತು, “ಎಷ್ಟು ಬಗೆಯಲ್ಲಿ ಜೋಡಿಸಬಹುದು, ಹೇಳಿ” ಎಂದ. ನಾವು ಧಾರಾಳವಾಗಿ ಸಾವಿರ ಎಂದೆವು. ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿದ್ದಾರೆ. ಅದಕ್ಕೆ ಮೊದಲು ಕಂಪನಿಯೇ ಹೇಳುತ್ತಿದ್ದ ಸಂಖ್ಯೆ ಸುಮಾರು ಹತ್ತು ಕೋಟಿ. ಅದರಲ್ಲಿ ಆರು ಅಂತಸ್ತಿನ ಗೋಪುರಗಳನ್ನಷ್ಟೇ ಎಣಿಸಿದ್ದರು. ಇದನ್ನು ಕೇಳಿದಾಗ ನಮಗೆ ನೆನಪಾದದ್ದು ಮದ್ರಸದ ಮೊದಲ ವರ್ಷಗಳ ಸರ್ಫ್ ಪಾಠ. ಕಾಫ್, ತಾ, ಬಾ ಎಂಬ ಮೂರು ಅಕ್ಷರಗಳು. ಅವುಗಳಿಂದಲೇ ಕಿತಾಬ್, ಕಾತಿಬ್, ಮಕ್ತಬ್, ಮಕ್ತೂಬ್. ಅಚ್ಚು ಕೆಲವೇ, ಹುಟ್ಟುವ ಪದಗಳು ಅಸಂಖ್ಯ. ಸರ್ಫನ್ನು ನಾವು ವಿದ್ಯೆಯೆಂದು ಗೌರವಿಸುತ್ತೇವೆ. ಅದೇ ಬಗೆಯ ಬುದ್ಧಿಯ ಕೆಲಸ ಪ್ಲಾಸ್ಟಿಕ್ಕಿನಲ್ಲಿ ನಡೆದರೆ ಹುಡುಗಾಟಿಕೆ ಎನ್ನುತ್ತೇವೆ.

ಹದಿಹರೆಯದಲ್ಲಿ ಈ ಆಟವನ್ನು ಬಿಟ್ಟು, ಕೆಲಸ, ಮದುವೆ, ಮಕ್ಕಳಾದ ಮೇಲೆ ಮರಳಿ ಬರುವವರು ಯೂರೋಪ್, ಅಮೆರಿಕಗಳಲ್ಲಿ ಬಹಳ. ನಡುವಿನ ಆ ವರ್ಷಗಳನ್ನು ಅವರು ತಮಾಷೆಗೆ ‘ಕತ್ತಲ ಯುಗ’ ಎಂದು ಕರೆಯುತ್ತಾರೆ. ಹದಿನೆಂಟು ದಾಟಿದವರಿಗಾಗಿ ಎಂದು ಕಪ್ಪು ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿ ಕಂಪನಿ ಮಾರಲು ತೊಡಗಿದ್ದು 2020ರಲ್ಲಿ. ನಮ್ಮ ವಿದ್ಯಾರ್ಥಿಗಾದರೋ ಬಾಲ್ಯದಲ್ಲಿ ಈ ಆಟಿಕೆ ಸಿಕ್ಕಿದ್ದೇ ಇಲ್ಲ. ಬೆಂಕಿಪೊಟ್ಟಣಗಳಿಂದ ಮನೆ ಕಟ್ಟಿದವನು. ಹನ್ನೆರಡು ತಾಸು ದುಡಿದು ಕೋಣೆಗೆ ಮರಳಿದ ಮೇಲೆ ಕಟ್ಟುತ್ತ ಕುಳಿತರೆ ತಲೆಯೊಳಗಿನ ಗದ್ದಲ ತಣಿಯುತ್ತದೆ ಎಂದ. ರಾತ್ರಿ ಎರಡು ಗಂಟೆಯವರೆಗೆ ಮೊಬೈಲಿನಲ್ಲಿ ರೀಲ್ಸ್ ನೋಡುವ ಅವನ ವಯಸ್ಸಿನವರನ್ನು ನಾವು ಯಾರೂ ಮಗುವೆಂದು ಗೇಲಿ ಮಾಡುವುದಿಲ್ಲ.

ಹಝ್ರತ್ ಆಯಿಶಾ(ರ) ಅವರ ಬೊಂಬೆಗಳ ವಿಷಯ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ರೆಕ್ಕೆಯಿದ್ದ ಕುದುರೆಯನ್ನು ಕಂಡು ಪ್ರವಾದಿವರ್ಯರು(ಸ) ವಿಚಾರಿಸಿ, ಅವರ ಉತ್ತರಕ್ಕೆ ನಕ್ಕ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಅದನ್ನು ವಯಸ್ಕ ಗಂಡಸಿನ ಹವ್ಯಾಸಕ್ಕೆ ನೇರ ಪುರಾವೆಯಾಗಿ ಎಳೆದು ತರುವುದು ಸರಿಯಲ್ಲ. ಈ ಪೆಟ್ಟಿಗೆಗಳಲ್ಲಿ ಬರುವ ಪುಟ್ಟ ಮನುಷ್ಯಾಕೃತಿಗಳನ್ನು ಅಲಂಕಾರವಾಗಿ ಸಾಲಾಗಿಡುವ ವಿಷಯದಲ್ಲಿ ವಿದ್ವಾಂಸರ ನಡುವೆ ಚರ್ಚೆಯೂ ಇದೆ. ಆದರೆ ಆ ಪ್ರಸಂಗದಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ವಿಚಾರಿಸಿದ ರೀತಿ. ಮೊದಲು ಏನೆಂದು ಕೇಳಿದರು. ನಾವು ಕೇಳಲೇ ಇಲ್ಲ.

ಇನ್ನು ಕೂಡಿಡುವ ವಿಷಯ. ಈ ಹವ್ಯಾಸದಲ್ಲಿ ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಹುಡುಕುವುದು ಎಂದು ಆತ ನಗುತ್ತ ಹೇಳಿದ. ಹೊಸಬರು ಕೆಂಪೆಲ್ಲ ಒಂದು ಡಬ್ಬಿಗೆ, ಬಿಳಿಯೆಲ್ಲ ಒಂದು ಡಬ್ಬಿಗೆ ಹಾಕುತ್ತಾರೆ. ನೋಡಲು ಚೆಂದ. ಆದರೆ ಕೆಂಪು ರಾಶಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಕೆಂಪು ತುಂಡೊಂದನ್ನು ಹುಡುಕುವುದು ಕಣ್ಣಿಗೆ ಶಿಕ್ಷೆ. ಅನುಭವಸ್ಥರು ಆಕಾರದಂತೆ ವಿಂಗಡಿಸುತ್ತಾರೆ. ಒಂದೇ ಆಕಾರದ ತುಂಡುಗಳ ನಡುವೆ ಬೇಕಾದ ಬಣ್ಣ ತಾನಾಗಿ ಕಣ್ಣಿಗೆ ಬೀಳುತ್ತದೆ. ಬಿಡಿಸಲು ಹಲ್ಲು ಬಳಸಬಾರದು, ಅದಕ್ಕೆಂದೇ ಒಂದು ಪುಟ್ಟ ಮೀಟುಗೋಲಿದೆ. ತೊಳೆಯುವುದಾದರೆ ನಲವತ್ತು ಡಿಗ್ರಿ ಮೀರದ ನೀರಿನಲ್ಲಿ, ಕೈಯಿಂದಲೇ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಬಿಳಿಯದು ಹಳದಿಯಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ನೆಲದ ಮೇಲೆ ಒಂದು ತುಂಡೂ ಉಳಿಯಬಾರದು, ಗಂಟಲಲ್ಲಿ ಸಿಕ್ಕಿಕೊಂಡೀತು.

ಈ ಜೋಪಾನ ಬರೀ ಅಚ್ಚುಕಟ್ಟಿನ ಮಾತಲ್ಲ. 1997ರ ಫೆಬ್ರವರಿಯಲ್ಲಿ ಟೋಕಿಯೋ ಎಕ್ಸ್‌ಪ್ರೆಸ್ ಎಂಬ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಬಿರುಗಾಳಿಯ ಅಲೆಗೆ ಸಿಕ್ಕಿ ಅರವತ್ತೆರಡು ಕಂಟೈನರುಗಳನ್ನು ಕಳೆದುಕೊಂಡಿತು. ಅದರಲ್ಲೊಂದರಲ್ಲಿ ಸುಮಾರು 48 ಲಕ್ಷ ಲೆಗೋ ತುಂಡುಗಳಿದ್ದವು. ಬಿದ್ದು ಕಾಲು ಶತಮಾನ ಕಳೆದ ಮೇಲೂ ಅಲ್ಲಿನ ಕಡಲತಡಿಗೆ ಪ್ಲಾಸ್ಟಿಕ್ಕಿನ ಆಕ್ಟೋಪಸ್, ಡ್ರ್ಯಾಗನ್‌ಗಳು ಬಂದು ಬೀಳುತ್ತಿದ್ದವು. ಒಂದು ಇಟ್ಟಿಗೆ ಸಮುದ್ರದಲ್ಲಿ 100ರಿಂದ 1,300 ವರ್ಷ ಉಳಿಯಬಹುದೆಂದು ಪ್ಲಿಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಅಂದಾಜಿಸಿದ್ದಾರೆ. ಕೊಂಡವನಿಗಿಂತ ಕೊಂಡ ವಸ್ತು ಹೆಚ್ಚು ಬಾಳುತ್ತದೆ. ಕಸಕ್ಕೆ ಎಸೆಯುವ ಹಕ್ಕು ನಮಗಿಲ್ಲ, ಇನ್ನೊಬ್ಬರ ಕೈಗೆ ಸೇರಬೇಕು.

ಇಲ್ಲಿಯವರೆಗೆ ನಾವು ಆತನ ಪಕ್ಷ. ಆದರೆ ಕಪಾಟಿನ ಮೇಲೆ, ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ದೊಡ್ಡ ಪೆಟ್ಟಿಗೆಯಿತ್ತು. ಕೇಳಿದೆವು. ತಾಜ್ ಮಹಲ್, 5,923 ತುಂಡುಗಳು, ಕಟ್ಟಿ ಮುಗಿಸಿದರೆ ಅರ್ಧ ಮೀಟರ್ ಅಗಲ. ಅದನ್ನು ವಿಮಾನದಲ್ಲಿ ತರುವ ಸಲುವಾಗಿ ಉಮ್ಮನಿಗೆಂದು ಕೊಂಡಿದ್ದ ಕಂಬಳಿಗಳನ್ನು ದುಬೈಯಲ್ಲೇ ಬಿಟ್ಟು ಬಂದನಂತೆ. ತಂದು ಐದು ವರ್ಷವಾಯಿತು, ಮೊಹರು ಒಡೆದಿಲ್ಲ. “ಇದು ಇನ್ವೆಸ್ಟ್‌ಮೆಂಟ್, ಉಸ್ತಾದ್. ತೆರೆದರೆ ಬೆಲೆ ಹೋಗುತ್ತದೆ.” ಮಗ ಅದನ್ನು ಮುಟ್ಟುವ ಹಾಗಿಲ್ಲ. ಒಮ್ಮೆ ಕುರ್ಚಿ ಹತ್ತಿ ಮುಟ್ಟಿದ್ದಕ್ಕೆ ಏಟು ತಿಂದಿದ್ದಾನೆ ಎಂಬುದನ್ನು ಹುಡುಗನ ಅಜ್ಜಿ ಹೇಳಿದರು. ಆತ ಹೇಳಲಿಲ್ಲ.

ಈ ವ್ಯಾಪಾರ ಇರುವುದು ನಿಜ. ಕಂಪನಿ ತಯಾರಿಕೆ ನಿಲ್ಲಿಸಿದ ಪೆಟ್ಟಿಗೆಗಳನ್ನು ತೆರೆಯದೆ ಇಟ್ಟು, ಕೆಲವು ವರ್ಷಗಳ ನಂತರ ಹಲವು ಪಟ್ಟು ಬೆಲೆಗೆ ಮಾರಿದವರಿದ್ದಾರೆ. ಆದರೆ ಇದೇ ತಾಜ್ ಮಹಲಿನ ಕತೆಯನ್ನು ಆತ ಪೂರ್ತಿ ಹೇಳಿರಲಿಲ್ಲ. ಅದು ಮೊದಲು ಬಂದದ್ದು 2008ರಲ್ಲಿ. ಮಾರುಕಟ್ಟೆಯಿಂದ ಹೋದ ಮೇಲೆ ತೆರೆಯದ ಪೆಟ್ಟಿಗೆಗಳ ಬೆಲೆ ಗಗನಕ್ಕೇರಿತು. 2017ರಲ್ಲಿ ಕಂಪನಿ ಒಂದೇ ಒಂದು ತುಂಡಿನ ವ್ಯತ್ಯಾಸದೊಡನೆ ಅದನ್ನೇ ಮತ್ತೆ ಹೊರತಂದಿತು, ಕಾಪಿಟ್ಟವರ ಲೆಕ್ಕಾಚಾರವೆಲ್ಲ ಕುಸಿಯಿತು. ಆತ ಕೊಂಡದ್ದು ಈ ಎರಡನೆಯದನ್ನು. ಸಾಲದ್ದಕ್ಕೆ ನಮ್ಮ ಕರಾವಳಿಯ ಮಳೆ. ಪ್ಲಾಸ್ಟಿಕ್ಕಿಗೆ ಏನೂ ಆಗದು, ಆದರೆ ಆಟಿ ತಿಂಗಳಲ್ಲಿ ರಟ್ಟು ಬೂಸು ಹಿಡಿಯುತ್ತದೆ. ಸಂಗ್ರಾಹಕ ಹೆಚ್ಚಿನ ಹಣ ಕೊಡುವುದೇ ಹೊಚ್ಚ ಹೊಸದಾಗಿ ಉಳಿದ ರಟ್ಟಿಗೆ.

ಇನ್ನೊಂದು ಲೆಕ್ಕವೂ ಇದೆ. ಕಟ್ಟಿ ಆನಂದಿಸಲು ಕೊಂಡ ವಸ್ತು ಮನೆಯ ಇತರ ಸಾಮಾನಿನಂತೆ, ಅದಕ್ಕೆ ಝಕಾತ್ ಇಲ್ಲ. ಮಾರುವ ಉದ್ದೇಶದಿಂದಲೇ ಕೊಂಡು ಇಟ್ಟದ್ದಾದರೆ ಅದು ವ್ಯಾಪಾರದ ಸರಕು. ನಿಸಾಬ್ ತಲುಪುವವನು ವರ್ಷ ತುಂಬಿದಾಗ ಅದರ ಅಂದಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದು ಶೇಕಡಾ ಎರಡೂವರೆ ಕೊಡಬೇಕು. “ಕೊಟ್ಟಿದ್ದೀಯಾ?” ಎಂದು ಕೇಳಿದೆವು. ಆಟಿಕೆಗೆ ಝಕಾತೇ ಎಂದು ಆತ ಬೆರಗಾದ. ಆಟಿಕೆಯಾದರೆ ಮಗನಿಗೆ ಕೊಡು, ಸರಕಾದರೆ ಝಕಾತ್ ಕೊಡು ಎಂದೆವು. ವಿವರಗಳನ್ನು ಓದುಗರು ತಮ್ಮೂರಿನ ವಿದ್ವಾಂಸರಲ್ಲಿ ಕೇಳಿ ತಿಳಿಯಬೇಕು. ಗಡಿಯಾರ, ಅತ್ತರು, ಹಳೆಯ ನಾಣ್ಯ ಕೂಡಿಡುವವರಿಗೂ ಇದೇ ಪ್ರಶ್ನೆ ಏಳುತ್ತದೆ.

ದುಂದಿನ ಮಾತು ಬಂದರೆ ಎಲ್ಲರೂ ಡ್ರಾಯರುಗಳತ್ತ ಬೆರಳು ಮಾಡುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಆ ಡ್ರಾಯರುಗಳ ಇಟ್ಟಿಗೆ ನೂರು ಸಲ ಕಟ್ಟಲ್ಪಟ್ಟಿದೆ, ನೂರು ಸಲ ಬಿಚ್ಚಲ್ಪಟ್ಟಿದೆ. ಅದರಲ್ಲಿ ಹೆಚ್ಚಿನದು ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ಅಗ್ಗಕ್ಕೆ ಕೊಂಡದ್ದು. ಬಿಚ್ಚಿ ಮತ್ತೆ ಕಟ್ಟಲೆಂದೇ ಮಾಡಿದ ವಸ್ತುವನ್ನು ಒಮ್ಮೆಯೂ ಬಿಚ್ಚದೆ ಬೆಡ್‌ಶೀಟಿನಲ್ಲಿ ಸುತ್ತಿಟ್ಟು, ಅದಕ್ಕಾಗಿ ತಾಯಿಯ ಕಂಬಳಿಯನ್ನೂ ಮಗನ ಬೆನ್ನನ್ನೂ ಬಲಿಕೊಟ್ಟರೆ, ಅಲ್ಲಿದೆ ದುಂದು. ಇದನ್ನು ಆತನಿಗೇ ಹೇಳಿದ್ದೇವೆ. ಈ ಸಲ ತಂದೆಯ ಎದುರಿನಲ್ಲಿ ಅಲ್ಲ, ಅಂಗಳದಲ್ಲಿ, ಇಬ್ಬರೇ ಇದ್ದಾಗ.

ಆತ ರಜೆ ಮುಗಿಸಿ ಹೋದ. ಹೋಗುವ ಮುನ್ನ ಮಗನಿಗೆ ಮೂರು ಡ್ರಾಯರುಗಳನ್ನು ಬಿಟ್ಟುಕೊಟ್ಟಿದ್ದಾನೆ. ಯಾವ ತುಂಡು ಎಲ್ಲಿಗೆ ಸೇರಬೇಕೆಂದು ಹುಡುಗನೇ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದಾನೆ. ‘ಚಪ್ಪಟೆ’, ‘ಇಳಿಜಾರು’, ‘ಗೊತ್ತಿಲ್ಲದ್ದು’. ಮೂರನೆಯದೇ ಎಲ್ಲಕ್ಕಿಂತ ತುಂಬಿದೆ. ದೊಡ್ಡ ಪೆಟ್ಟಿಗೆಯನ್ನು ಮುಂದಿನ ರಜೆಯಲ್ಲಿ ಇಬ್ಬರೂ ಕೂಡಿ ತೆರೆಯೋಣವೆಂದು ತಂದೆ ಮಗನಿಗೆ ಮಾತು ಕೊಟ್ಟಿದ್ದಾನಂತೆ. ಮೊನ್ನೆ ಆ ದಾರಿಯಾಗಿ ಹೋದಾಗ ನೋಡಿದೆವು. ಬೆಡ್‌ಶೀಟ್ ಇನ್ನೂ ಹಾಗೆಯೇ ಇದೆ.